ನಕ್ಷತ್ರಗಳಿಗೆ ಮರಣವುಂಟೇ?

ಜೂನ್ ಮೊದಲ ವಾರ ಕಳೆದು ಮೃಗಶಿರಾ ಮಳೆ ಆರಂಭವಾಯಿತೆಂದರೆ, ನಮ್ಮ ಪಶ್ಚಿಮ ಕರ್ನೂಲಿನ ತುಗ್ಗಲಿ, ಜೊನ್ನಗಿರಿ, ಮದ್ದಿಕೆರೆ ಸೀಮೆಯ ಹೊಲಗಳಲ್ಲಿ ಒಂದು ವಿಚಿತ್ರ ದೃಶ್ಯ ಕಾಣಸಿಗುತ್ತದೆ. ಬಿತ್ತನೆಗೆ ಬಂದ ರೈತರ ನಡುವೆಯೇ ದೂರದೂರುಗಳಿಂದ ಬಂದ ಜನರು ತಲೆ ತಗ್ಗಿಸಿ, ಮಣ್ಣನ್ನೇ ದಿಟ್ಟಿಸುತ್ತ, ಸಾವಕಾಶವಾಗಿ ಹೆಜ್ಜೆ ಹಾಕುತ್ತಿರುತ್ತಾರೆ. ಮೊದಲ ಮಳೆಗೆ ಮೇಲ್ಮಣ್ಣು ಕೊಚ್ಚಿಹೋದಾಗ ವಜ್ರದ ಹರಳೊಂದು ಸಿಕ್ಕೀತೆಂಬ ಆಸೆ. ಕೆಲವರಿಗೆ ಸಿಕ್ಕಿದ್ದೂ ಉಂಟು. ಮಳೆಗೆ ನಕ್ಷತ್ರದ ಹೆಸರು, ಕಣ್ಣು ಮಾತ್ರ ನೆಲದ ಮೇಲೆ! ಆದರೆ ಅವರು ಹುಡುಕುವ ವಸ್ತುವಿಗೂ ಆ ಹೆಸರಿಗೂ ನಂಟಿಲ್ಲವೆನ್ನಲಾಗದು. ವಜ್ರವೆಂದರೆ ಇಂಗಾಲ; ಇಂಗಾಲವು ಸಿದ್ಧವಾದದ್ದು ಈ ಭೂಮಿ ಹುಟ್ಟುವುದಕ್ಕೂ ಮುಂಚೆ ಉರಿದು ಮುಗಿದ ನಕ್ಷತ್ರಗಳ ಒಡಲಿನಲ್ಲಿ.

ಕನ್ನಡದಲ್ಲಿ ಮೃಗಶಿರಾ ಮಳೆ ಎಂದರೆ ತೆಲುಗಿನಲ್ಲಿ ಮೃಗಶಿರ ಕಾರ್ತೆ. ಆ ದಿನಗಳಲ್ಲಿ ಸೂರ್ಯನೇ ಆ ನಕ್ಷತ್ರದ ದಿಕ್ಕಿನಲ್ಲಿರುವುದರಿಂದ ಅದು ನಮಗೆ ಕಾಣುವುದಿಲ್ಲ. ಕಾಣಬೇಕಾದರೆ ಪುಷ್ಯ–ಮಾಘದ ಚಳಿಯ ರಾತ್ರಿಗಳಿಗೆ ಕಾಯಬೇಕು. ಆಗ ಪೂರ್ವದಲ್ಲಿ ಮಹಾವ್ಯಾಧ ಪುಂಜವು ಏರಿ ಬರುತ್ತದೆ. ಅದರ ನಡುವಿನಲ್ಲಿ ಸಾಲಾಗಿ ನಿಂತ ಮೂರು ತಾರೆಗಳನ್ನು ಗುರುತಿಸಿ, ಸ್ವಲ್ಪ ಕೆಳಕ್ಕೆ ದೃಷ್ಟಿ ಹಾಯಿಸಿದರೆ ಕನ್ನಡಿಯ ಮೇಲೆ ಉಸಿರು ಬಿಟ್ಟಂತಹ ಒಂದು ಮಸುಕು ಗೋಚರಿಸುತ್ತದೆ. ಅದೇ ನೀಹಾರಿಕೆ. ನೀಹಾರವೆಂದರೆ ಮಂಜು. ಹಿಂದಿ, ಗುಜರಾತಿ, ತೆಲುಗು ಮನೆಮಾತಿನವರಿಗೂ ಈ ಪದ ಹೆಚ್ಚುಕಡಿಮೆ ಇದೇ ರೂಪದಲ್ಲಿ ಪರಿಚಿತ. ಸುಮಾರು 1350 ಜ್ಯೋತಿರ್ವರ್ಷ ದೂರದಲ್ಲಿರುವ ಆ ಮೋಡದಿಂದ ಇಂದು ನಮ್ಮ ಕಣ್ಣಿಗೆ ಬೀಳುವ ಬೆಳಕು ಹೊರಟದ್ದು, ಕವಿ ರವಿಕೀರ್ತಿಯು 634ರಲ್ಲಿ ಐಹೊಳೆಯ ಮೇಗುತಿ ಬಸದಿಯ ಶಾಸನವನ್ನು ರಚಿಸಿದ ಕೆಲವು ದಶಕಗಳ ನಂತರ. ವ್ಯಾಧನೆಂದರೆ ಬೇಡ. ಬೇಟೆಗಾರನ ಹೆಸರು ಹೊತ್ತ ಪುಂಜದಲ್ಲಿಯೇ ತಾರೆಗಳ ಸೂತಿಕಾಗೃಹವಿರುವುದು ಎಂತಹ ವಿಡಂಬನೆ!

ಸೂತಿಕಾಗೃಹವೆಂಬುದು ಅಲಂಕಾರದ ಮಾತಲ್ಲ. ನೀಹಾರಿಕೆಯಲ್ಲಿರುವುದು ಬಹುಪಾಲು ಜಲಜನಕ, ಒಂದಿಷ್ಟು ಹೀಲಿಯಂ, ಅತ್ಯಲ್ಪ ಧೂಳು. ಅದರೊಳಗೆ ಎಲ್ಲಿಯೋ ಒಂದೆಡೆ ದ್ರವ್ಯ ತುಸು ದಟ್ಟವಾದರೆ ತನ್ನ ಭಾರಕ್ಕೆ ತಾನೇ ಕುಸಿಯತೊಡಗುತ್ತದೆ, ಕುಸಿದಷ್ಟೂ ಬಿಸಿಯೇರುತ್ತದೆ. ಒಡಲಿನ ಶಾಖ ಒಂದು ಕೋಟಿ ಡಿಗ್ರಿಯ ಮೇಲೇರಿದಾಗ ಜಲಜನಕದ ಬೀಜಗಳು ಕೂಡಿ ಹೀಲಿಯಂ ಆಗತೊಡಗುತ್ತವೆ. ತಾರೆ ಬೆಳಗಿತು! ನಮ್ಮ ಸೂರ್ಯನಲ್ಲಿ ಪ್ರತಿ ಸೆಕೆಂಡಿಗೆ ಸುಮಾರು 60 ಕೋಟಿ ಟನ್ ಜಲಜನಕ ಹೀಗೆ ಮಾರ್ಪಡುತ್ತಿದೆ. ಅದರಲ್ಲಿ 40 ಲಕ್ಷ ಟನ್‌ನಷ್ಟು ಬೆಳಕಾಗಿ ವ್ಯಯವಾಗುತ್ತಿದೆ. 460 ಕೋಟಿ ವರ್ಷಗಳಿಂದ ಈ ವ್ಯಯ ನಡೆದಿದೆ, ಇನ್ನೂ 500 ಕೋಟಿ ವರ್ಷಗಳಷ್ಟು ನಡೆದೀತು.

ಅಂತ್ಯವು ತಾರೆಯ ಭಾರವನ್ನು ಅನುಸರಿಸುತ್ತದೆ. ಸೂರ್ಯನಂತಹ ತಾರೆಯು ಮುಪ್ಪಿನಲ್ಲಿ ಉಬ್ಬಿ ಕೆಂಪಾಗಿ, ಹೊರಕವಚವನ್ನು ಆಕಾಶಕ್ಕೆ ಬಿಟ್ಟುಕೊಟ್ಟು, ಶ್ವೇತಕುಬ್ಜವೆಂಬ ಸಣ್ಣ ಕೆಂಡವಾಗಿ ಉಳಿಯುತ್ತದೆ. ಆ ಕೆಂಡ ಸೂರ್ಯನ ಸುಮಾರು 1.4 ಪಟ್ಟಿಗಿಂತ ಹೆಚ್ಚು ಭಾರವಾಗಿದ್ದರೆ ನಿಲ್ಲಲಾರದೆಂಬ ಮಿತಿಯನ್ನು, 1930ರಲ್ಲಿ ಇಂಗ್ಲೆಂಡಿಗೆ ಹಡಗಿನಲ್ಲಿ ಹೊರಟಿದ್ದ 19 ವರ್ಷದ ಸುಬ್ರಹ್ಮಣ್ಯನ್ ಚಂದ್ರಶೇಖರ್ ಲೆಕ್ಕ ಹಾಕತೊಡಗಿದರು. ನೊಬೆಲ್ ಗೌರವ ಬಂದದ್ದು 1983ರಲ್ಲಿ. ಸೂರ್ಯನ ಎಂಟು ಪಟ್ಟಿಗಿಂತ ಭಾರವಾಗಿ ಹುಟ್ಟಿದ ತಾರೆಗಳು ಸಾಮಾನ್ಯವಾಗಿ ಸಿಡಿದೇ ಮುಗಿಯುತ್ತವೆ. 1054ರಲ್ಲಿ ವೃಷಭ ರಾಶಿಯಲ್ಲಿ ಸಿಡಿದ ತಾರೆಯೊಂದು ಮೂರು ವಾರಗಳವರೆಗೆ ಹಗಲಿನಲ್ಲಿಯೂ ಕಂಡಿತೆಂದು ಚೀನದ ವೀಕ್ಷಕರು ಬರೆದಿಟ್ಟಿದ್ದಾರೆ. ಅದು ಕಂಡ ಜಾಗದಲ್ಲಿ ಇಂದು ಇರುವುದೂ ಒಂದು ನೀಹಾರಿಕೆಯೇ. ಆರಿದ್ರಾ ಮಳೆಗೆ ಹೆಸರು ಕೊಟ್ಟ ಕೆಂಪು ತಾರೆಯೂ ಅದೇ ದಾರಿಯಲ್ಲಿದೆ. 2019ರ ಕೊನೆಯಲ್ಲಿ ಅದು ಮಂಕಾದಾಗ ಸಿಡಿಯುವ ಗಳಿಗೆ ಬಂತೆಂದು ಹಲವರು ಕಾತರಗೊಂಡಿದ್ದರು. ಅದು ತಾನೇ ಉಗುಳಿದ ಧೂಳು ತನ್ನ ಮುಖಕ್ಕೆ ಅಡ್ಡ ಬಂದಿತ್ತೆಂದು ಅನಂತರ ತಿಳಿಯಿತು.

ಹೀಗೆ ಸಿಡಿದವುಗಳ ಶೇಷವೇ ಮುಂದಿನ ತಾರೆಗಳಿಗೂ ಗ್ರಹಗಳಿಗೂ ಸಾಮಗ್ರಿ. ನೆರೆಯ ಸಂಡೂರಿನ ಬೆಟ್ಟಗಳ ಕಬ್ಬಿಣ ಅಲ್ಲಿಂದ ಬಂದದ್ದು. ನಮ್ಮ ರಕ್ತದ ಕಬ್ಬಿಣವೂ ಅಲ್ಲಿಂದಲೇ. ಚಿನ್ನದ ಹುಟ್ಟು ಇನ್ನೂ ವಿರಳ. 2017ರ ಆಗಸ್ಟ್ 17ರಂದು, ಸುಮಾರು 13 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಎರಡು ಸತ್ತ ತಾರೆಗಳು ಒಂದರೊಳಗೊಂದು ಬಿದ್ದ ಘಟನೆ ಭೂಮಿಯ ಉಪಕರಣಗಳಿಗೆ ಸಿಕ್ಕಿತು. ಚಿನ್ನದ ಬಳಗದ ಭಾರಧಾತುಗಳು ಅಂತಹ ಡಿಕ್ಕಿಯಲ್ಲಿ ಉತ್ಪನ್ನವಾಗುತ್ತವೆಂಬುದಕ್ಕೆ ಅದರ ಬೆಳಕಿನಲ್ಲಿ ಸಾಕ್ಷ್ಯ ದೊರೆಯಿತು. ಅಶೋಕನ ಕಾಲದ ಸುವರ್ಣಗಿರಿ ನಮ್ಮ ಜೊನ್ನಗಿರಿಯೇ ಎಂದು ಅನೇಕ ವಿದ್ವಾಂಸರು ಅಭಿಪ್ರಾಯಪಡುತ್ತಾರೆ. ಅಲ್ಲಿಯ ಬಂಡೆಯೊಳಗಿನ ಚಿನ್ನಕ್ಕೂ ಇಂತಹುದೇ ಯಾವುದೋ ಅಜ್ಞಾತ ತಾರೆಯ ಅವಸಾನವೇ ಮೂಲ.

ಈ ಅವಸಾನವನ್ನು ಮರಣವೆನ್ನಬಹುದೇ? ಶಾಸ್ತ್ರಕಾರರು ಜಡದ್ರವ್ಯಕ್ಕೆ ಪುದ್ಗಲವೆಂದು ಹೆಸರಿಟ್ಟು, ಪೂರಣ ಮತ್ತು ಗಲನ, ಎಂದರೆ ತುಂಬಿಕೊಳ್ಳುವುದು ಮತ್ತು ಕಳಚಿಹೋಗುವುದು, ಅದರ ಸ್ವಭಾವವೆಂದು ಆ ಪದವನ್ನೇ ಬಿಡಿಸಿ ತೋರಿಸಿದರು. ಮೋಡ ತಾರೆಯಾಗುವುದು ಪೂರಣ, ತಾರೆ ಮೋಡವಾಗುವುದು ಗಲನ. ಮರಣವೆಂಬ ಮಾತು ಜೀವಕ್ಕೆ ಸಲ್ಲುವಂತಹದು. ಇಷ್ಟು ಹೇಳಿದೊಡನೆ 'ಇದೆಲ್ಲ ನಮ್ಮ ಆಗಮಗಳಲ್ಲಿ ಮೊದಲೇ ಇತ್ತು' ಎನ್ನುವವರಿದ್ದಾರೆ. ನಾನು ಆ ಮಾತನ್ನು ಒಪ್ಪಲಾರೆ. ವಿಜ್ಞಾನದ ಪರಮಾಣು ಒಡೆಯುತ್ತದೆ, ಶಾಸ್ತ್ರದ ಪರಮಾಣು ಅವಿಭಾಜ್ಯ; ಹೆಸರೊಂದೇ, ವಸ್ತು ಬೇರೆ. ಆಗಮಗಳು ಸೂರ್ಯ, ಚಂದ್ರ, ತಾರೆಗಳನ್ನು ಜ್ಯೋತಿಷ್ಕ ದೇವರ ವಿಮಾನಗಳೆಂದು ವರ್ಣಿಸುತ್ತವೆ. ದೂರದರ್ಶಕವು ಉರಿಯುವ ಅನಿಲವನ್ನು ತೋರಿಸುತ್ತದೆ. ಶಾಲೆಗೆ ಹೋಗುವ ಮಕ್ಕಳು ಇವೆರಡನ್ನೂ ಕೇಳಿ ಬಂದು ನಮ್ಮ ಮುಖ ನೋಡುತ್ತಾರೆ. ಒಂದನ್ನು ಇನ್ನೊಂದರೊಳಗೆ ತುರುಕಿ ಅವರ ಬಾಯಿ ಮುಚ್ಚಿಸುವುದಕ್ಕಿಂತ, ಎರಡೂ ಹೊಂದುವುದಿಲ್ಲವೆಂದು ಹೇಳುವುದೇ ಸತ್ಯವ್ರತಕ್ಕೆ ಹತ್ತಿರವಾದ ನಡೆ.

ನನಗೆ ಹೆಚ್ಚು ಕಾಡುವ ಪ್ರಶ್ನೆ ಬೇರೆ. ತಾರೆ ಅಳಿದು ಚಿನ್ನ ಉಳಿದಾಗ, ಅಳಿದದ್ದಕ್ಕಾಗಿ ಶೋಕಿಸಬೇಕೋ, ಉಳಿದದ್ದಕ್ಕಾಗಿ ಹರ್ಷಿಸಬೇಕೋ? ಆಚಾರ್ಯ ಸಮಂತಭದ್ರರು ಆಪ್ತಮೀಮಾಂಸೆಯಲ್ಲಿ ಇದಕ್ಕೆ ಒಂದು ದೃಷ್ಟಾಂತವನ್ನು ಕೊಟ್ಟಿದ್ದಾರೆ. ಚಿನ್ನದ ಕಲಶವನ್ನು ಕರಗಿಸಿ ಕಿರೀಟ ಮಾಡುವಾಗ ಕಲಶವನ್ನು ಬಯಸಿದವನಿಗೆ ದುಃಖ, ಕಿರೀಟವನ್ನು ಬಯಸಿದವನಿಗೆ ಸಂತೋಷ, ಚಿನ್ನವನ್ನಷ್ಟೇ ಬಯಸಿದವನಿಗೆ ಮಾಧ್ಯಸ್ಥ್ಯ. ಉತ್ಪಾದ, ವ್ಯಯ, ಧ್ರೌವ್ಯಗಳು ಒಂದೇ ವಸ್ತುವಿನಲ್ಲಿ ಏಕಕಾಲಕ್ಕೆ ಇರುವುದನ್ನು ಇದಕ್ಕಿಂತ ಸರಳವಾಗಿ ತೋರಿಸಲಾಗದು.

ನಮ್ಮ ತಾಯಿಯವರು ತೀರಿಕೊಂಡ ಮರುವರ್ಷದ ಚಳಿಗಾಲದಲ್ಲಿ, ಆದೋನಿಯ ಅಕ್ಕಸಾಲಿಗರೊಬ್ಬರ ಅಂಗಡಿಯಲ್ಲಿ ಈ ದೃಷ್ಟಾಂತವನ್ನು ನಾನು ಕಣ್ಣಾರೆ ಕಂಡೆ. ತಾಯಿಯವರ ಎರಡು ಬಳೆಗಳನ್ನು ಕರಗಿಸಿ ತಂಗಿಯ ಮಗಳಿಗೆ ಸರ ಮಾಡಿಸುವುದೆಂದು ನಿಶ್ಚಯವಾಗಿತ್ತು. ಬಳೆಗಳು ಮೂಸೆಯೊಳಗೆ ಬಿದ್ದಾಗ ತಂಗಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮಗು ಕುಣಿದಾಡುತ್ತಿತ್ತು. ನಾನೊಬ್ಬನೇ ನಿರ್ವಿಕಾರನಾಗಿ ನಿಂತಿದ್ದೆ. ಸಮಂತಭದ್ರರ ಮೂರನೆಯ ವ್ಯಕ್ತಿ ನಾನೇ ಎಂದು ಒಳಗೊಳಗೇ ಹೆಮ್ಮೆಯೂ ಆಯಿತು. ಕರಗಿದ ಗಟ್ಟಿಯನ್ನು ತಕ್ಕಡಿಗೆ ಹಾಕಿದಾಗ ತಿಳಿಯಿತು: ನಾನು ನೋಡುತ್ತಿದ್ದದ್ದು ಚಿನ್ನವನ್ನಲ್ಲ, ತೂಕವನ್ನು. ಎಷ್ಟು ಕಡಿಮೆಯಾಯಿತೆಂಬ ಲೆಕ್ಕ ಮನಸ್ಸಿನಲ್ಲಿ ಓಡುತ್ತಿತ್ತು. ವ್ಯಾಪಾರಿಯ ತಣ್ಣಗಿನ ಮುಖವನ್ನು ಮಾಧ್ಯಸ್ಥ್ಯವೆಂದು ಭ್ರಮಿಸುವುದು ನಮ್ಮಂತಹವರಿಗೆ ಎಷ್ಟು ಸುಲಭ! ಅತ್ತ ತಂಗಿಯೇ ನನಗಿಂತ ಸತ್ಯಕ್ಕೆ ಸಮೀಪದಲ್ಲಿದ್ದಳು. ಅವಳಿಗೆ ಹೋದದ್ದು ಏನೆಂದಾದರೂ ಗೊತ್ತಿತ್ತು.

ಸರ ಸಿದ್ಧವಾಗಿ ಬಂದ ದಿನ ಮಗು ಅದನ್ನು ಕೊರಳಿಗೆ ಹಾಕಿಕೊಂಡು, "ಮಾಮಾ, ಇದರಲ್ಲಿ ಅಜ್ಜಿಯ ಬಳೆ ಎಲ್ಲಿದೆ?" ಎಂದು ಕೇಳಿತು. ಉತ್ತರ ಹೊಳೆಯಲಿಲ್ಲ. ರಾತ್ರಿ ಮಾಳಿಗೆಯ ಮೇಲೆ ಕರೆದೊಯ್ದು, ನೆರೆಮನೆಯಿಂದ ತಂದ ದುರ್ಬೀನನ್ನು ಅವಳ ಕೈಗಿತ್ತು, ಮೂರು ತಾರೆಗಳ ಕೆಳಗಿನ ಆ ಮಸುಕನ್ನು ತೋರಿಸಿದೆ. ಅವಳು ಒಂದು ಕೈಯಲ್ಲಿ ಸರವನ್ನು ಬಿಗಿಯಾಗಿ ಹಿಡಿದುಕೊಂಡೇ ಬಹಳ ಹೊತ್ತು ನೋಡಿದಳು.