ಮಾತ್ರೆಯ ಮೇಲಿನ ಮೊಕದ್ದಮೆ

ಅಮೆರಿಕದ ಕೆಂಟಕಿ ರಾಜ್ಯದ ಲೂಯಿವಿಲ್ ನಗರ, 1989ರ ಸೆಪ್ಟೆಂಬರ್ 14. ಸ್ಟ್ಯಾಂಡರ್ಡ್ ಗ್ರೇವ್ಯೂರ್ ಮುದ್ರಣಾಲಯಕ್ಕೆ ಅಲ್ಲಿಯದೇ ನೌಕರ ಜೋಸೆಫ್ ವೆಸ್ಬೆಕರ್ ಬಂದೂಕು ಹಿಡಿದು ನುಗ್ಗಿದ. ಎಂಟು ಜನರನ್ನು ಕೊಂದ, ಹನ್ನೆರಡು ಜನರನ್ನು ಗಾಯಗೊಳಿಸಿದ, ಕೊನೆಗೆ ತನಗೇ ಗುಂಡು ಹೊಡೆದುಕೊಂಡ. ಖಿನ್ನತೆಗೆಂದು ಆಗ ಹೊಸದಾಗಿ ಬಂದಿದ್ದ ಪ್ರೊಜಾಕ್ ಮಾತ್ರೆಯನ್ನು ಅವನು ಸುಮಾರು ಒಂದು ತಿಂಗಳಿಂದ ನುಂಗುತ್ತಿದ್ದ. ಮೂರು ದಿನ ಮೊದಲು ಅವನ ತಳಮಳ ಕಂಡ ಮನೋವೈದ್ಯರು ಮಾತ್ರೆ ಬಿಡು, ಆಸ್ಪತ್ರೆಗೆ ಸೇರು ಎಂದಿದ್ದರು. ಆಸ್ಪತ್ರೆಗೆ ಸೇರಲು ಅವನು ಒಪ್ಪಲಿಲ್ಲ.

ಮಾತ್ರೆಯೇ ಕೊಲೆ ಮಾಡಿಸಿತು ಎನ್ನುವುದು ಸುಲಭ. ಆದರೆ ಅದು ಶುರುವಾಗುವ ಮೊದಲೇ ಅವನು ಬಂದೂಕು ಕೊಂಡಿದ್ದ, ಮೇಲಧಿಕಾರಿಗಳ ಮೇಲೆ ಹಗೆ ಕಾರಿದ್ದ, ಆತ್ಮಹತ್ಯೆಗೂ ಪ್ರಯತ್ನಿಸಿದ್ದ. ಹಾಗಿದ್ದರೂ ಮಾತ್ರೆಯೇ ಕಾರಣವೆಂದು ಸತ್ತವರ ಮನೆಯವರೂ ಬದುಕುಳಿದವರೂ ಅದನ್ನು ತಯಾರಿಸಿದ ಔಷಧ ಕಂಪನಿ ಎಲಿ ಲಿಲಿಯ ಮೇಲೆ ದಾವೆ ಹೂಡಿದರು. 1994ರ ಡಿಸೆಂಬರ್‌ನಲ್ಲಿ ಜ್ಯೂರಿ 9–3 ಮತಗಳಿಂದ ಕಂಪನಿಯ ಪರ ನಿಂತಿತು. ನ್ಯಾಯಾಧೀಶ ಜಾನ್ ಪಾಟರ್ ಅವರಿಗೆ ಮಾತ್ರ ಏನೋ ಅನುಮಾನ. ಹೋರಾಡಿ ಅನುಮತಿ ಪಡೆದಿದ್ದ ಸಾಕ್ಷ್ಯವನ್ನೇ ಫಿರ್ಯಾದಿಗಳ ವಕೀಲರು ಮಂಡಿಸಿರಲಿಲ್ಲ. ಪಾಟರ್ ಬೆನ್ನುಬಿಡದೆ ಕೆದಕಿದಾಗ ಹೊರಬಿದ್ದದ್ದು, ತೀರ್ಪಿಗೆ ಮೊದಲೇ ಎರಡೂ ಕಡೆಯವರು ಗುಟ್ಟಾಗಿ ಮಾಡಿಕೊಂಡಿದ್ದ ಹಣದ ರಾಜಿ. 1997ರಲ್ಲಿ ದಾಖಲೆಯನ್ನೇ ತಿದ್ದಿ, ಪ್ರಕರಣ ರಾಜಿಯಲ್ಲಿ ಮುಗಿಯಿತು ಎಂದು ಬರೆಯಬೇಕಾಯಿತು.

ನನಗೆ ಸಂಕಟವಾಗುವುದು ಇಲ್ಲೇ. ಬಹಿರಂಗವಾಗಿ ಇತ್ಯರ್ಥವಾಗಬೇಕಿದ್ದ ಪ್ರಶ್ನೆಯನ್ನು ಬಾಗಿಲು ಮುಚ್ಚಿ ಮುಗಿಸಿದರು. ಹಾಗೆ ಮುಚ್ಚಿಟ್ಟದ್ದಕ್ಕೇ ಅನುಮಾನ ಬೆಳೆಯಿತು. ಇವತ್ತಿಗೂ ಅಮೆರಿಕದ ಯಾವುದಾದರೂ ಶಾಲೆಯಲ್ಲಿ ಗುಂಡು ಹಾರಿದರೆ, ಆ ಹುಡುಗ ಯಾವ ಮಾತ್ರೆ ತಿನ್ನುತ್ತಿದ್ದ ಎಂಬ ಪ್ರಶ್ನೆಯೂ ಏಳುತ್ತದೆ.

ವಿಜ್ಞಾನ ಆಮೇಲೆ ಸ್ವಲ್ಪ ದಾರಿ ತೋರಿಸಿದೆ. ಸ್ವೀಡನ್ನಿನ ದಾಖಲೆಗಳನ್ನು ಆಧರಿಸಿದ 2014ರ ಅಧ್ಯಯನದಲ್ಲಿ, ಚಿತ್ತವಿಕಲತೆಗೆ ಕೊಡುವ ಆ್ಯಂಟಿಸೈಕೋಟಿಕ್ ಔಷಧ ಸೇವಿಸುತ್ತಿದ್ದ ಅವಧಿಯಲ್ಲಿ ರೋಗಿಗಳ ಹಿಂಸಾಪರಾಧ ಶೇ 45ರಷ್ಟು ಕಡಿಮೆ ಇತ್ತು. ಖಿನ್ನತೆಯ ಮಾತ್ರೆಗಳ ಕತೆ ಇಷ್ಟು ಸರಳವಲ್ಲ. ಅದೇ ದೇಶದ ಎಂಟೂವರೆ ಲಕ್ಷ ಜನರ ದಾಖಲೆ ನೋಡಿದ 2015ರ ಅಧ್ಯಯನದಲ್ಲಿ, 15ರಿಂದ 24 ವಯಸ್ಸಿನವರಲ್ಲಿ ಮಾತ್ರ ಮಾತ್ರೆಗೂ ಹಿಂಸೆಗೂ ನಂಟು ಕಂಡಿತು. ಕಾರಣ ಮಾತ್ರೆಯೇ ಎಂದು ಅಷ್ಟರಿಂದ ಹೇಳಲಾಗದು. ಆದರೂ ತಳ್ಳಿಹಾಕುವಂಥದ್ದಲ್ಲ. ಈ ಮಾತ್ರೆಗಳಿಂದ ಆತ್ಮಹತ್ಯೆಯ ಯೋಚನೆ ಹೆಚ್ಚಬಹುದೆಂಬ ಎಚ್ಚರಿಕೆಯನ್ನು ಕಪ್ಪು ಚೌಕಟ್ಟಿನಲ್ಲಿ ಮುದ್ರಿಸುವಂತೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2004ರಲ್ಲಿ ಆದೇಶಿಸಿತು. ಮೊದಲು ಅದು ಮಕ್ಕಳು, ಹದಿಹರೆಯದವರಿಗಷ್ಟೇ ಇತ್ತು. 2007ರಲ್ಲಿ 24 ವಯಸ್ಸಿನವರೆಗೂ ವಿಸ್ತರಿಸಿತು.

ಈ ಮಾತ್ರೆಗಳಿಂದ ಕೆಲವರಲ್ಲಿ ಕಾಣುವ, ವೈದ್ಯರು ಅಕಥೀಸಿಯಾ ಎನ್ನುವ ಒಂದು ಸ್ಥಿತಿಯಿದೆ. ಊಟಕ್ಕೆ ಕೂತವರು ಎರಡು ತುತ್ತಿಗೆ ಎದ್ದುಬಿಡುತ್ತಾರೆ. ಪಡಸಾಲೆಯಿಂದ ಅಡುಗೆಮನೆಗೆ, ಅಲ್ಲಿಂದ ಹಿತ್ತಿಲಿಗೆ ಸುತ್ತುತ್ತಲೇ ಇರುತ್ತಾರೆ. ನಿಂತಲ್ಲೂ ಕಾಲು ಬದಲಿಸುತ್ತಾರೆ, ಮೈಯೊಳಗೆ ಏನೋ ಕುದಿಯುತ್ತಿದೆ ಎನ್ನುತ್ತಾರೆ. ಮನೆಯವರು ಅದನ್ನು ಕಾಯಿಲೆಯೇ ಜೋರಾಯಿತು ಎಂದುಕೊಳ್ಳುತ್ತಾರೆ. ಮಾತ್ರೆ ಶುರುವಾದಾಗ, ಪ್ರಮಾಣ ಬದಲಾದಾಗ ಹೀಗಾಗಬಹುದು. ಆಗ ವೈದ್ಯರು ಪ್ರಮಾಣ ತಗ್ಗಿಸಬಹುದು, ಔಷಧವನ್ನೇ ಬದಲಿಸಬಹುದು.

ಸುದ್ದಿ ಕೇಳಿ ಹೆದರಿ ತಾವೇ ಮಾತ್ರೆ ನಿಲ್ಲಿಸಿಬಿಡುವುದು ಇನ್ನೂ ಅಪಾಯ. ನಮ್ಮಲ್ಲಂತೂ ಮಾತ್ರೆ ಅಭ್ಯಾಸ ಆಗಿಬಿಡುತ್ತೆ ಎಂಬ ಮಾತಿಗೇ ಎಷ್ಟೋ ಜನ ವೈದ್ಯರ ಬಳಿ ಹೋಗುವುದಿಲ್ಲ. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ, ಖಿನ್ನತೆ, ಆತಂಕದಂಥ ಸಾಮಾನ್ಯ ಮಾನಸಿಕ ಕಾಯಿಲೆ ಇದ್ದವರ ಪೈಕಿ ಶೇ 80ಕ್ಕೂ ಹೆಚ್ಚು ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಅಂಥವರನ್ನು ಇನ್ನಷ್ಟು ಹೆದರಿಸುವುದು ಬೇಡ. ಬದಲಿಗೆ, ಇಪ್ಪತ್ತರ ಹುಡುಗನಿಗೆ ಮೊದಲ ಚೀಟಿ ಬರೆಯುವ ವೈದ್ಯರು ಅವನೊಪ್ಪಿದರೆ ತಾಯಿಯನ್ನೂ ಒಳಗೆ ಕರೆದು ಕೂರಿಸಲಿ. ಮೊದಲ ವಾರಗಳಲ್ಲಿ ಏನನ್ನು ಗಮನಿಸಬೇಕೆಂದು ಬಿಡಿಸಿ ಹೇಳಲಿ, ರಾತ್ರಿ ಹೊತ್ತಿನಲ್ಲೂ ಯಾರಾದರೂ ಎತ್ತುವಂಥ ಫೋನ್ ನಂಬರನ್ನು ಅದೇ ಚೀಟಿಯ ಮೇಲೆ ಬರೆದುಕೊಡಲಿ.