ಇಂದಿನ ಚಿಂತನೆ: ಕುಣಿಯುವುದು ತಪ್ಪೇ?



ತಂಗಿಯ ಮದುವೆಗೆ ನಾಲ್ಕು ದಿನ. ಗೆಳತಿಯರೊಂದಿಗೆ ಮಹಡಿ ಮೇಲೆ ಕುಣಿತ ಕಲಿಯುತ್ತಿದ್ದೇವೆ. ನಿನ್ನೆ "ತಮಟೆಯವರನ್ನು ಕರೆಸೋಣ" ಎಂದೆ. ಅಪ್ಪ ಎದ್ದು ಹೋದರು. ತಾತ ಊರಗೌಡರ ಮದುವೆಗಳಲ್ಲಿ ತಮಟೆ ಬಡಿದು, ಚಪ್ಪರದಾಚೆ ಕೂತು ಉಂಡವರು.

ನೃತ್ಯ ಬಿಡಬೇಕೆಂಬುದು ಉಪೋಸಥದ ಅಷ್ಟಶೀಲದ ಮಾತು; ಗೃಹಸ್ಥರ ನಿತ್ಯದ ಪಂಚಶೀಲದಲ್ಲಿ ಅದಿಲ್ಲ. ತಪ್ಪು ಕುಣಿತದ್ದಲ್ಲ, ತಮಟೆಯದ್ದೂ ಅಲ್ಲ. ಜಾತಿ ನೋಡಿ ಬಡಿಸಿದ ಕಟ್ಟಳೆಯದು. ಆದರೂ ಅಪ್ಪನ ನೋವು ತುಳಿದು ಕುಣಿದರೆ ಅದು ಮೈತ್ರಿಯೇ?

ಬೆಳಿಗ್ಗೆ ಅಪ್ಪನನ್ನೇ ಕೇಳಿದೆ. ಬಹಳ ಹೊತ್ತಿನ ಮೇಲೆ ಅಂದರು: "ಬಡಿಯೋರಿಗೆ ಮೊದಲ ಪಂಕ್ತೀಲಿ ಎಲೆ ಹಾಕ್ತೀಯಾ? ಹಾಗಾದ್ರೆ ಕರೆಸವ್ವ."

ನಮ್ಮ ಸಂತೋಷದಲ್ಲಿ ಚಪ್ಪರದಾಚೆ ಯಾರು ಕೂತಿದ್ದಾರೆ? ಇಂದು ಅದನ್ನು ನೋಡೋಣ.

ಭವತು ಸಬ್ಬ ಮಂಗಲಂ.