ವಾಸನೆ ಹೇಳುವುದೆಷ್ಟು?

ಕಮಲಾಪುರದ ಕೆಂಪು ಬಾಳೆಹಣ್ಣನ್ನು ಮನೆಯಲ್ಲಿ ಬಚ್ಚಿಡಲು ಸಾಧ್ಯವಿಲ್ಲ. ಅಡುಗೆಮನೆಯ ಮೂಲೆಯಲ್ಲಿಟ್ಟರೂ ಪಡಸಾಲೆಗೆ ಬಂದವರು “ಕಮಲಾಪುರದ ಹಣ್ಣು ತಂದೀರೇನ್ರಿ?” ಎಂದು ಕೇಳಿಯೇ ಕೇಳುತ್ತಾರೆ. ಕಲಬುರಗಿಯಿಂದ ಹುಮನಾಬಾದಿನ ಕಡೆ ಹೋಗುವ ದಾರಿಯಲ್ಲಿರುವ ಆ ಊರಿನ ಹಣ್ಣಿಗೆ ಸರ್ಕಾರದ ಭೌಗೋಳಿಕ ಸೂಚಿಯ ಮಾನ್ಯತೆ ಇದೆ. ನಮ್ಮ ಕಡೆಯ ಹೆಂಗಸರ ಮೂಗು ಅದಕ್ಕೂ ಎಷ್ಟೋ ಮೊದಲೇ ಆ ಮಾನ್ಯತೆ ಕೊಟ್ಟಾಗಿತ್ತು. ಕಲಬುರಗಿಯ ಸೂಪರ್ ಮಾರ್ಕೆಟ್ಟಿನಲ್ಲಿ ಹಣ್ಣು ಮಾರುವಾಕೆ, ಹಿಚುಕಿ ನೋಡುವವರಿಗೆ ಹೇಳುವುದು ಒಂದೇ ಮಾತು: “ಕೈ ಹಚ್ಚಬ್ಯಾಡ್ರಿ ಅಕ್ಕಾರ, ವಾಸನಿ ನೋಡ್ರಿ. ಹಣ್ಣಾಗ್ಯಾವೋ ಇಲ್ಲೋ ಅದೇ ಹೇಳ್ತದ.”

ಆಕೆಯ ಮಾತು ನಿಜ. ಆದರೆ ವಾಸನೆ ಎಷ್ಟನ್ನು ಹೇಳುತ್ತದೆ, ಎಲ್ಲಿಗೆ ನಿಲ್ಲುತ್ತದೆ ಎಂಬುದು ಯೋಚಿಸಬೇಕಾದ ಸಂಗತಿ. ಬಾಳೆಹಣ್ಣಿನ ಪರಿಮಳಕ್ಕೆ ಮುಖ್ಯ ಕಾರಣ ಐಸೋಅಮೈಲ್ ಅಸಿಟೇಟ್ ಎಂಬ ಅಣು. ಅದನ್ನೇ ಕಾರ್ಖಾನೆಯಲ್ಲಿ ತಯಾರಿಸಿ ಎಸೆನ್ಸಿನ ಸೀಸೆಗೆ ತುಂಬುತ್ತಾರೆ. ಮಕ್ಕಳ ಪೆಪ್ಪರಮೆಂಟಿನಲ್ಲಿ ಬಾಳೆಯ ವಾಸನೆ ಇರುತ್ತದೆ, ಬಾಳೆ ಇರುವುದಿಲ್ಲ. ಇನ್ನೂ ವಿಚಿತ್ರವೆಂದರೆ, ಜೇನುನೊಣ ಕುಟುಕಿದಾಗ ಹೊರಬೀಳುವುದೂ ಇದೇ ಅಣು. ಹಣ್ಣಿನಲ್ಲಿ ಅದು ‘ಬನ್ನಿ, ತಿನ್ನಿ’ ಎನ್ನುತ್ತದೆ; ಜೇನುಗೂಡಿನ ಬಳಿ ‘ಶತ್ರು ಬಂದ, ಮುತ್ತಿರಿ’ ಎನ್ನುತ್ತದೆ. ಅಣು ಒಂದೇ, ಅದು ಹೊರಟ ಮನೆಗಳು ಮೂರು.

ಹಾಗಾದರೆ ಒಂದು ಗುರುತು ಕಂಡ ಮೇಲೆ, ಅದರ ಹಿಂದಿರುವುದು ಇಂಥದೇ ಎಂದು ಹೇಳುವ ಅಧಿಕಾರ ನಮಗೆ ಯಾವಾಗ ಬರುತ್ತದೆ? ಈ ಪ್ರಶ್ನೆಯನ್ನು ಇಂದು ಬಹಳ ಗಂಭೀರವಾಗಿ ಕೇಳಿಕೊಳ್ಳುತ್ತಿರುವವರು ಖಗೋಳವಿಜ್ಞಾನಿಗಳು.

ಸಾವಯವ ಎಂದೊಡನೆ ನಮಗೆ ತಿಪ್ಪೆಗೊಬ್ಬರ ಹಾಕಿ ಬೆಳೆದ ತರಕಾರಿ ನೆನಪಾಗುತ್ತದೆ. ರಸಾಯನಶಾಸ್ತ್ರದಲ್ಲಿ ಇಂಗಾಲವೇ ಬೆನ್ನೆಲುಬಾಗಿರುವ ಅಣುಗಳಿಗೆ ಆ ಹೆಸರು. ಅವನ್ನು ಜೀವಿಗಳ ದೇಹ ಮಾತ್ರ ಮಾಡಬಲ್ಲದು ಎಂಬ ಹಳೆಯ ನಂಬಿಕೆಯನ್ನು 1828ರಲ್ಲಿ ಜರ್ಮನಿಯ ವೋಲರ್ ಪ್ರಯೋಗಶಾಲೆಯಲ್ಲಿ ಯೂರಿಯಾ ತಯಾರಿಸಿ ಅಲುಗಿಸಿದ. ಮುಂದೆ ಆಕಾಶದಲ್ಲೂ ಅವು ಸಿಗತೊಡಗಿದವು. ಪ್ರತಿ ಅಣುವೂ ತಿರುಗುತ್ತ ತನ್ನದೇ ಆದ ತರಂಗಗಳನ್ನು ಸೂಸುತ್ತದೆ ಇಲ್ಲವೇ ಹೀರುತ್ತದೆ. ರೇಡಿಯೋದ ಮುಳ್ಳು ತಿರುಗಿಸಿ ಕಲಬುರಗಿ ಕೇಂದ್ರವನ್ನು ಹಿಡಿಯುವಂತೆ ವಿಜ್ಞಾನಿಗಳು ಆ ತರಂಗಗಳನ್ನು ಹಿಡಿಯುತ್ತಾರೆ. 1969ರಲ್ಲಿ ನಕ್ಷತ್ರಗಳ ನಡುವಿನ ಮೋಡಗಳಲ್ಲಿ ಫಾರ್ಮಾಲ್ಡಿಹೈಡ್ ಸಿಕ್ಕಿತು. ಈಗ ಪತ್ತೆಯಾದ ಅಣುಗಳ ಸಂಖ್ಯೆ 300 ದಾಟಿದೆ. 2009ರಲ್ಲಿ ನಮ್ಮ ಆಕಾಶಗಂಗೆಯ ನಡುವಿನ ಹತ್ತಿರದ ಒಂದು ಮೋಡದಲ್ಲಿ, ರಾಸ್ಪ್‌ಬೆರಿ ಹಣ್ಣಿನ ರುಚಿಗೆ ಕಾರಣವಾಗುವ ಈಥೈಲ್ ಫಾರ್ಮೇಟ್ ಕಂಡಿತು. ಅಲ್ಲಿ ಹಣ್ಣಿನ ತೋಟವಿದೆ ಎಂದು ಯಾವ ವಿಜ್ಞಾನಿಯೂ ಹೇಳಲಿಲ್ಲ.

2023ರ ಸೆಪ್ಟೆಂಬರಿನಲ್ಲಿ ಅಮೆರಿಕದ ನೌಕೆಯೊಂದು ಬೆನ್ನು ಎಂಬ ಕ್ಷುದ್ರಗ್ರಹದಿಂದ ಸುಮಾರು 120 ಗ್ರಾಂ ಮಣ್ಣು, ಕಲ್ಲು ತಂದಿತು. ಒಂದೆರಡು ಹಿಡಿ ಜೋಳದಷ್ಟು ತೂಕ. ಜೀವಿಗಳು ಪ್ರೋಟೀನು ಕಟ್ಟಲು ಬಳಸುವ 20 ಅಮೈನೋ ಆಮ್ಲಗಳಲ್ಲಿ 14 ಅದರಲ್ಲಿದ್ದವೆಂದು 2025ರ ಜನವರಿಯಲ್ಲಿ ಪ್ರಕಟವಾಯಿತು. ಆದರೆ ಈ ಆಮ್ಲಗಳಲ್ಲಿ ಹೆಚ್ಚಿನವಕ್ಕೆ ಚಪ್ಪಲಿಯಂತೆ ಎಡ, ಬಲ ಎಂಬ ಎರಡು ರೂಪಗಳುಂಟು. ಭೂಮಿಯ ಜೀವಿಗಳ ಪ್ರೋಟೀನಿನಲ್ಲಿರುವುದು ಎಡದವು. ಬೆನ್ನುವಿನಲ್ಲಿ ಎರಡೂ ಹೆಚ್ಚುಕಡಿಮೆ ಸಮಸಮವಾಗಿದ್ದವು. ಅಂದರೆ ಸಾಮಾನು ಇದೆ, ಅದನ್ನು ಆರಿಸಿ ಬಳಸಿದ ಜೀವ ಕಾಣುತ್ತಿಲ್ಲ. ಡಬ್ಬಿಯಲ್ಲಿ ಜೋಳದ ಹಿಟ್ಟಿದೆಯೆಂದು ರೊಟ್ಟಿ ಆದಂತಲ್ಲ ಎಂಬುದನ್ನು ನಮ್ಮ ಹೆಣ್ಣುಮಕ್ಕಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಬಿಸಿನೀರು ಬೇಕು, ನಾದುವ ಕೈ ಬೇಕು, ಕಾದ ಹೆಂಚು ಬೇಕು.

ಗುರುತನ್ನು ತಪ್ಪಾಗಿ ಓದುವುದಕ್ಕೆ ನಮ್ಮ ನಾಡೂ ಸಾಕ್ಷಿಯಾಗಿದೆ. 1868ರ ಆಗಸ್ಟ್ 18ರ ಖಗ್ರಾಸ ಸೂರ್ಯಗ್ರಹಣವನ್ನು ನೋಡಲು ವಿಜ್ಞಾನಿಗಳು ನಮ್ಮ ಜಮಖಂಡಿಯಲ್ಲೂ ಆಂಧ್ರದ ಗುಂಟೂರಿನಲ್ಲೂ ಬೀಡುಬಿಟ್ಟಿದ್ದರು. ಸೂರ್ಯನ ಅಂಚಿನ ಬೆಳಕನ್ನು ಸೀಳಿ ನೋಡಿದಾಗ ಕಂಡ ಹಳದಿ ಗೆರೆಯನ್ನು ಹಲವರು ಸೋಡಿಯಂನದೆಂದು ತಿಳಿದರು. ಅದು ಸೋಡಿಯಂನ ಜಾಗದಲ್ಲಿರಲಿಲ್ಲ, ತುಸು ಪಕ್ಕದಲ್ಲಿತ್ತು. ಅದು ಹೊಸದೊಂದು ಧಾತು, ಹೀಲಿಯಂ. ಅದೇ ಧಾತು ಭೂಮಿಯ ಮೇಲೆ ಕೈಗೆ ಸಿಕ್ಕಿದ್ದು 1895ರಲ್ಲಿ. ನಡುವೆ 27 ವರ್ಷ ಕಾಯಬೇಕಾಯಿತು.

ಅದೇ ಬಗೆಯ ಬೆಳಕಿನ ಓದು ಇಂದು ಬೇರೆ ನಕ್ಷತ್ರಗಳ ಗ್ರಹಗಳವರೆಗೆ ಹೋಗಿದೆ. 124 ಜ್ಯೋತಿರ್ವರ್ಷ ದೂರದ ಕೆ2-18ಬಿ ಎಂಬ ಗ್ರಹದ ವಾತಾವರಣದಲ್ಲಿ ಮೀಥೇನ್ ಮತ್ತು ಇಂಗಾಲದ ಡೈಆಕ್ಸೈಡ್ ಇವೆಯೆಂದು 2023ರಲ್ಲಿ ತಿಳಿಯಿತು. 2025ರ ಏಪ್ರಿಲಿನಲ್ಲಿ ಭಾರತ ಮೂಲದ ವಿಜ್ಞಾನಿ, ಕೇಂಬ್ರಿಜ್ ವಿಶ್ವವಿದ್ಯಾಲಯದ ನಿಕ್ಕು ಮಧುಸೂದನ್ ಮತ್ತು ಸಂಗಡಿಗರು, ಅಲ್ಲಿ ಡೈಮೀಥೈಲ್ ಸಲ್ಫೈಡ್ ಅಥವಾ ಅದರ ಹತ್ತಿರದ ಇನ್ನೊಂದು ಅಣುವಿನ ಸುಳಿವು ಸಿಕ್ಕಿದೆ ಎಂದರು. ನಮ್ಮ ಭೂಮಿಯಲ್ಲಿ ಅದನ್ನು ಮುಖ್ಯವಾಗಿ ಮಾಡುವುದು ಕಡಲಿನ ಸೂಕ್ಷ್ಮಜೀವಿಗಳು. ಆ ಸುಳಿವು ಬರಿಯ ಆಕಸ್ಮಿಕವಾಗಿರುವ ಸಾಧ್ಯತೆ ಸಾವಿರಕ್ಕೆ ಮೂರರಷ್ಟು. ನಾವಾಗಿದ್ದರೆ ಅಷ್ಟಕ್ಕೇ ಡಂಗುರ ಸಾರುತ್ತಿದ್ದೆವು! ವಿಜ್ಞಾನ ಕೇಳುವುದು ಹತ್ತು ಲಕ್ಷಕ್ಕೆ ಒಂದಕ್ಕಿಂತ ಕಡಿಮೆ. ಆಮೇಲೆ ಅದೇ ಮಾಹಿತಿಯನ್ನು ಮತ್ತೆ ಪರಿಶೀಲಿಸಿದ ಬೇರೆಯವರು ಪುರಾವೆ ಸಾಲದು ಎಂದರು. ಜೀವವಿರದ ಧೂಮಕೇತುವಿನಲ್ಲೂ ಆ ಅಣು ಇದ್ದದ್ದು 2024ರಲ್ಲೇ ಬೆಳಕಿಗೆ ಬಂದಿತ್ತು. ಹೀಗಾಗಿ ಜೀವವಿದೆಯೆಂದು ನಾವು ಖಚಿತವಾಗಿ ಬಲ್ಲ ಸ್ಥಳ ಇಂದಿಗೂ ಈ ಭೂಮಿಯೊಂದೇ.

ಇದನ್ನೆಲ್ಲ ಓದುವಾಗ ನನಗೆ ನಮ್ಮ ಓಣಿ ನೆನಪಾಗುತ್ತದೆ. ಕಮಲಾಪುರದಲ್ಲಿ ಕೆಲಸ ಮಾಡುವ ಹುಡುಗಿಯೊಬ್ಬಳು ಎರಡು ಸಂಜೆ ಯಾರದೋ ಬೈಕಿನಿಂದ ಇಳಿದಳು. ನೋಡಿದವರು ಇಬ್ಬರು. ವಾರದೊಳಗೆ ಸುದ್ದಿ ಬೀಗರ ಮನೆ ತಲುಪಿ, ನಿಶ್ಚಯವಾಗಿದ್ದ ಮದುವೆ ಮುರಿಯಿತು. ಬೈಕಿನವನು ಯಾರೆಂದು ನನಗೆ ಗೊತ್ತಿಲ್ಲ, ಗೊತ್ತಾಗಬೇಕಾದ ಅಗತ್ಯವೂ ಇಲ್ಲ. ಎಲ್ಲೋ ಇರುವ ಗ್ರಹದ ಮೇಲಿನ ಸೂಕ್ಷ್ಮಜೀವಿಗೆ ಸಿಗುವಷ್ಟು ನ್ಯಾಯ ನಮ್ಮ ಹುಡುಗಿಗೆ ಸಿಗಲಿಲ್ಲ.

ಹಾಗಾದರೆ ಗುರುತುಗಳನ್ನು ನಂಬಲೇಬಾರದೇ? ಅದೇ ಓಣಿಯಲ್ಲಿ ಇನ್ನೊಬ್ಬಾಕೆ ಪದೇಪದೇ “ಬಚ್ಚಲದಾಗ ಜಾರಿ ಬಿದ್ನಿ” ಎನ್ನುತ್ತಾಳೆ. ಮುಖದ ಮೇಲೆ ಬಾವು. ಆಗ ಮಾತ್ರ ಎಲ್ಲರೂ ಹೇಳುವುದು, “ಖರೇ ಏನೋ ಯಾರಿಗೊತ್ತು, ನಮಗ್ಯಾಕ ಬೇಕ್ರಿ” ಎಂದು. ತಾಳ್ಮೆ ಬೇಕಾದಲ್ಲಿ ಅವಸರ ಮಾಡಿ, ಅವಸರ ಮಾಡಬೇಕಾದಲ್ಲಿ ತಾಳ್ಮೆ ತೋರುತ್ತೇವೆ.

ಪುರಾವೆ ಎಷ್ಟು ಬೇಕು ಎನ್ನುವುದು, ನಮ್ಮ ಊಹೆ ತಪ್ಪಾದರೆ ಅದರ ಬೆಲೆ ಯಾರು ತೆರುತ್ತಾರೆ ಎಂಬುದರ ಮೇಲೆ ನಿಲ್ಲಬೇಕು ಎಂದು ನನಗೆ ಅನ್ನಿಸುತ್ತದೆ. ಕೆ2-18ಬಿ ಇನ್ನೂ ನೂರು ವರ್ಷ ಕಾದರೂ ಅದಕ್ಕೇನೂ ನಷ್ಟವಿಲ್ಲ. ಬೈಕಿನ ಮಾತು ತಪ್ಪಾದರೆ ತೆರುವವಳು ಹುಡುಗಿ, ಆಡಿದವರಲ್ಲ. ಬಾವಿನ ವಿಷಯದಲ್ಲಿ ನಮ್ಮ ಅನುಮಾನ ಸುಳ್ಳಾದರೆ ನಮಗೆ ಆಗುವುದು ತುಸು ಮುಜುಗರ. ನಿಜವಾಗಿದ್ದು ನಾವು ಸುಮ್ಮನಿದ್ದರೆ ಆಕೆಯ ಜೀವಕ್ಕೇ ಅಪಾಯ. ಎರಡು ಕಡೆಯೂ ಗುರುತಿನಿಂದ ತೀರ್ಪಿಗೆ ಜಿಗಿಯಬೇಕಾಗಿಲ್ಲ. ಹತ್ತಿರ ಹೋಗಿ, ಒಬ್ಬಳೇ ಇರುವಾಗ, “ಯಾಕ ತಂಗಿ, ಏನಾತು?” ಎಂದು ಕೇಳಬಹುದು. ಕೇಳಿದ್ದಕ್ಕೆ ಉತ್ತರ ಕೊಡುವ, ಕೊಡದಿರುವ ಹಕ್ಕು ಆಕೆಯದು.

ದೂರದರ್ಶಕ ಹಿಡಿದವರು ಗ್ರಹದ ಹತ್ತಿರ ಹೋಗಿ ಕೇಳಲಾರರು. ಅದಕ್ಕೇ ಅವರು ‘ಇನ್ನೂ ಗೊತ್ತಿಲ್ಲ’ ಎಂದು ಒಪ್ಪಿಕೊಂಡು ಮತ್ತೆ ನೋಡುತ್ತಾರೆ. ನಾವು ಕೇಳಬೇಕಾದವರು ನಾಲ್ಕು ಮನೆ ಆಚೆ ಇದ್ದಾರೆ.